ಗಿಡ ಮುಟ್ಟದ ಸೊಸೆ

ಓಣಿಯವರ ಬಾಯಲ್ಲಿ ಅವಳು ‘ಗಿಡದ ಡಾಕ್ಟರಮ್ಮ’. ಅಸಲಿಗೆ ಅವಳ ಕೆಲಸ ಗಿಡಗಳಿಗೆ ಕಾಯಿಲೆ ಹಚ್ಚುವುದು! ಪ್ರಯೋಗಾಲಯದ ಗಾಜಿನ ಮನೆಯಲ್ಲಿ ಎಲೆಯ ಮೇಲೆ ಮರಳಿನಂಥ ನುಣ್ಣನೆ ಪುಡಿ ಉದುರಿಸಿ, ವೈರಸ್ ಬೆರೆತ ರಸವನ್ನು ಬೆರಳಿನಿಂದ ಮೆಲ್ಲಗೆ ತೀಡುತ್ತಾಳೆ. ಆ ವೈರಸ್ಸಿಗೆ ಹೊಳೆಯುವ ಗುಣವನ್ನು ಮೊದಲೇ ಸೇರಿಸಿರುತ್ತಾರೆ; ನೀಲಿ ದೀಪ ಹಿಡಿದರೆ ಅದು ಹೋದಲ್ಲೆಲ್ಲ ಹಸಿರು ಮಿನುಗು. ಒಂದು ಜೀವಕೋಶದಿಂದ ಪಕ್ಕದ್ದಕ್ಕೆ ಬಾಗಿಲು ಎಲ್ಲಿದೆ, ಯಾವಾಗ ತೆರೆಯುತ್ತದೆ ಎಂದು ಅದರ ಬೆನ್ನು ಹತ್ತಿ ನೋಡುವುದು. “ಮನೆಯ ಸಂದಿಗೊಂದಿ ಮನೆಯವರಿಗಿಂತ ಕಳ್ಳನಿಗೇ ಚೆನ್ನಾಗಿ ಗೊತ್ತು” ಎಂದು ನಗುತ್ತಾಳೆ.

ಅಲ್ಲಿನ ನಿಯಮವೆಂದರೆ, ವೈರಸ್ ಮುಟ್ಟುವವರು ಮನೆಯ ಗಿಡ ಮುಟ್ಟಬಾರದು. ಅತ್ತೆಗೋ ಮಹಡಿಯ ಮೇಲಿನ ಟೊಮೇಟೊ ಗಿಡಗಳೆಂದರೆ ಪ್ರಾಣ. ಸೊಸೆ ಒಂದು ಚೊಂಬು ನೀರೂ ಹಾಕುವುದಿಲ್ಲವೆಂದು ಅವರಿಗೆ ಮುನಿಸು. ಮಾವ ಮಾತ್ರ ಸೊಸೆಯ ಪರ. ಅವಳ ಬದಲು ತಾವೇ ಬೆಳಗ್ಗೆ ಮೇಲೆ ಹೋಗಿ ಅಡ್ಡ ಚಿಗುರು ಚಿವುಟಿ ಬರುತ್ತಿದ್ದರು.

ಒಂದು ದಿನ ಟೊಮೇಟೊ ಎಲೆಗಳ ಮೇಲೆ ಹಳದಿ ಮಚ್ಚೆ ಕಾಣಿಸಿತು. ಅತ್ತೆ ಕೆಂಡವಾದರು.

“ಹಾದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡು ಬಂದ್ಯಲ್ಲೇ! ಆ ಕೆಲ್ಸ ಬಿಟ್ಬಿಡು, ಸಾಕು.”

ಆ ಕೆಲಸವೆಂದರೆ ಅವಳಿಗೆ ಜೀವ. ಕೈ ತೊಳೆಯುವುದರಲ್ಲಿ ಎಲ್ಲಾದರೂ ತಪ್ಪಿದೆನೇ? ಮಚ್ಚೆಯ ಎಲೆಯೊಂದನ್ನು ಪೊಟ್ಟಣ ಕಟ್ಟಿ ಪ್ರಯೋಗಾಲಯಕ್ಕೆ ಒಯ್ದು ನೀಲಿ ದೀಪ ಹಿಡಿದಳು. ಹಸಿರು ಮಿನುಗು ಒಂದು ಚುಕ್ಕೆಯೂ ಇಲ್ಲ. ತನ್ನ ವೈರಸ್ ಅಲ್ಲ! ಮತ್ತಷ್ಟು ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ತಂಬಾಕಿನ ವೈರಸ್. ಸಿಗರೇಟಿನ ಒಣ ತಂಬಾಕಿನಲ್ಲೂ ಉಳಿದು, ಸೇದುವವರ ಬೆರಳಿನಿಂದ ಟೊಮೇಟೊಗೆ ಅಂಟಿಕೊಳ್ಳುವಂಥದ್ದು.

ಕುಣಿಯಹೊರಟವಳು ಹಾಗೇ ಕುಳಿತುಬಿಟ್ಟಳು. ಎದೆನೋವು ಬಂದಂದಿನಿಂದ ಮಾವ ಸಿಗರೇಟು ಬಿಟ್ಟಿದ್ದಾರೆಂದು ಮನೆಯವರೆಲ್ಲ ನಂಬಿದ್ದರು. ಈಗ ತನ್ನ ಕೆಲಸ ಉಳಿಯಬೇಕಾದರೆ ತನ್ನ ಪರ ನಿಂತವರನ್ನೇ ಹಿಡಿದುಕೊಡಬೇಕು.

ಸಂಜೆ ಮಹಡಿಯ ಮೇಲೆ ಮೂವರೂ ಇದ್ದರು.

“ಅದು ನನ್ನ ವೈರಸ್ ಅಲ್ಲ ಅತ್ತೆ.”

“ಮತ್ತೆ ಯಾರದ್ದೇ?”

“ತಂಬಾಕಿಂದು” ಎಂದಷ್ಟೇ ಹೇಳಿ ಅವಳು ನೆಲ ನೋಡಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವ ಅಂಗಿಯ ಜೇಬು ಮುಟ್ಟಿಕೊಂಡರು. ಅತ್ತೆ ಕೈ ಚಾಚಿದರು, ಪ್ಯಾಕೆಟ್ಟು ಹೊರಬಂತು.

“ದಿನಕ್ಕೊಂದೇ ಕಣೇ” ಎಂದು ತೊದಲಿದ ಮಾವ, ಸೊಸೆಯ ಕಡೆ ತಿರುಗಿದರು. “ಗಿಡ ವಾಸಿ ಆಗುತ್ತೇನಮ್ಮಾ?”

“ಗಿಡ ಆಗಲ್ಲ ಮಾವ, ಕಿತ್ತು ಹಾಕ್ಬೇಕು. ನೀವು ಆಗ್ತೀರಿ.”

ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟರು. “ನೀನು ಕೆಲ್ಸಕ್ಕೆ ಹೋಗು ತಾಯಿ. ಇವರ ಕಾಯಿಲೆ ನಾನು ನೋಡ್ಕೋತೀನಿ.”