ಮೇಲೆದ್ದ ನೆಲಮಾಳಿಗೆ

ನೆಲದೊಳಗೆ ಕಟ್ಟಿದ ಕೋಣೆ ತಾನಾಗಿ ಮೇಲೆದ್ದು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಕಣ್ಣಾರೆ ಕಂಡ ಮೇಲೂ ಒಂದು ಗಳಿಗೆ ನಂಬಲಾಗಲಿಲ್ಲ. ಅದೂ ನಮ್ಮ ಮಾವ ಕೈಯಾರೆ ವಾಟರ್‌ಪ್ರೂಫಿಂಗ್ ಮಾಡಿದ ಕೋಣೆ!

ಮಾವ ಎಂದರೆ ಅಮ್ಮನ ತಮ್ಮ. ಹಳೆಯ ಕಟ್ಟಡಗಳ ನೆಲಮಾಳಿಗೆ ಸೋರಿದರೆ ಜನ ಹುಡುಕಿಕೊಂಡು ಬರುವುದು ಅವರನ್ನೇ. ಕೆಲಸದವರು ಬೆನ್ನ ಹಿಂದೆ ಅವರನ್ನು ಬಿರುಕಪ್ಪ ಎನ್ನುತ್ತಿದ್ದರು, ಮನೆಯವರಾದ ನಾವು ಮುಖದ ಮೇಲೇ ಅನ್ನುತ್ತಿದ್ದೆವು. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಯೋಗಕ್ಷೇಮ, ಆಮೇಲೆ ಮನುಷ್ಯರದ್ದು. ಅಂಗೈಯನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿ, ನಾಡಿ ನೋಡುವವರ ಹಾಗೆ ನಿಲ್ಲುವರು. ನನ್ನ ಗಂಡನ ಮನೆಯನ್ನು ಮೊದಲ ಸಲ ನೋಡಿ ಬಂದಾಗಲೂ, ಹುಡುಗ ಪರವಾಗಿಲ್ಲ, ಬಚ್ಚಲ ಗೋಡೆಯದ್ದೇ ಯೋಚನೆ ಎಂದಿದ್ದರು.

ನೀರಿನ ಮೇಲೆ ಅವರಿಗಿದ್ದದ್ದು ಹಗೆ. ಅಕ್ಕ ತಮ್ಮ ಇಬ್ಬರೂ ಬೆಳೆದದ್ದು ಬಾಡಿಗೆಯ ನೆಲಮಾಳಿಗೆಯೊಂದರಲ್ಲಿ. ಗೋಡೆ ಜಿನುಗಿ ಜಿನುಗಿ ಅಮ್ಮನ ಶಾಲೆಯ ಪುಸ್ತಕಗಳೆಲ್ಲ ಬೂಸ್ಟು ಹಿಡಿದು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವಂತೆ. ದೊಡ್ಡವಳಾಗಿ ಅಮ್ಮ ಪುಸ್ತಕಕ್ಕೆ ಬೈಂಡು ಹಾಕುವ ಕೆಲಸ ಹಿಡಿದಳು. ಮಾವ ನೀರು ತಡೆಯುವ ಕೆಲಸ ಹಿಡಿದರು. ಇಬ್ಬರೂ ಆ ಗೋಡೆಯ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟವರೇ ಎಂದು ನನಗೆ ಅನ್ನಿಸುತ್ತದೆ.

ಕೊನೆಗೂ ಅಮ್ಮ ಸ್ವಂತ ಮನೆಗೆ ಕೈಹಾಕಿದಳು. ಕೆಳಗೆ ನೆಲಮಾಳಿಗೆಯಲ್ಲಿ ಬೈಂಡಿಂಗ್ ಕೆಲಸ, ಮೇಲೆ ವಾಸ. ಕಾಗದಕ್ಕೆ ತೇವ ಆಗದು. ಹಾಗಾಗಿ ನೆಲಮಾಳಿಗೆಯ ಜವಾಬ್ದಾರಿ ತಮ್ಮನಿಗೇ ಹೋಯಿತು. ನಕ್ಷೆ ಹಾಕಿದ ಎಂಜಿನಿಯರಮ್ಮ ಮೂರು ದಾರಿ ಹೇಳಿದರು. ನೀರು ಇಳಿಯದಷ್ಟು ಗಟ್ಟಿಯಾದ ಕಾಂಕ್ರೀಟನ್ನೇ ಹಾಕಬಹುದು. ಇಲ್ಲವೇ ಇಡೀ ಕೋಣೆಯನ್ನು ಹೊರಗಿನಿಂದ ಡಾಂಬರಿನ ಹಾಳೆಯಲ್ಲಿ ಸುತ್ತಬಹುದು. ಅದೂ ಬೇಡವೆಂದರೆ ಗೋಡೆಯ ಹಿಂದೆ, ನೆಲದ ಅಡಿ ಬರುವ ನೀರಿಗೆ ದಾರಿ ಮಾಡಿಕೊಟ್ಟು, ಗುಂಡಿಯಲ್ಲಿ ಹಿಡಿದು, ಪಂಪಿನಿಂದ ಹೊರಗೆ ಹಾಕಬಹುದು. ಆ ಜಾಗದಲ್ಲಿ ಅಂತರ್ಜಲ ತೀರಾ ಮೇಲಿದೆ, ಕೊನೆಯದೇ ವಾಸಿ ಎಂದು ಅವರ ಅಭಿಪ್ರಾಯ.

ಮಾವ ಕೆರಳಿದರು. "ಶತ್ರೂನ ಮನೆ ಹತ್ರ ಕರೆದು, ಉಪಚಾರ ಮಾಡಿ ಕಳಿಸ್ಬೇಕಾ? ಒಂದು ಹನೀನೂ ಒಳಗೆ ಬಿಡಲ್ಲ ನಾನು," ಎಂದರು. ಹಾಳೆ ಸುತ್ತುವುದೆಂದೇ ತೀರ್ಮಾನವಾಯಿತು. ಎಂಜಿನಿಯರಮ್ಮ ಒಪ್ಪಿದರು, ಆದರೆ ಪಾಯ ತೋಡುವಾಗ ಸುತ್ತಲಿನ ನೀರೆತ್ತಲು ಹಚ್ಚುವ ಪಂಪನ್ನು ಮೇಲಿನ ಮನೆ ಏಳುವ ತನಕ ಯಾವ ಕಾರಣಕ್ಕೂ ನಿಲ್ಲಿಸಬಾರದು ಎಂದರು.

ಮಾವ ಹಾಳೆಯ ಒಂದೊಂದು ಸೇರುವೆಯನ್ನೂ ತಾವೇ ಕುಳಿತು ಬೆಸೆದರು. ಅಮ್ಮನ ಕಾಗದ ಕತ್ತರಿಸುವ ಯಂತ್ರ ಆನೆಯಂಥದ್ದು, ಮೆಟ್ಟಿಲಲ್ಲಿ ಇಳಿಯದು. ಮೇಲ್ಚಾವಣಿ ಹಾಕುವ ಮೊದಲೇ ಅದನ್ನು ಕ್ರೇನಿನಲ್ಲಿ ಒಳಗಿಳಿಸಿದರು. ಅಮ್ಮ ಅನ್ನ ಕಂಡದ್ದು ಆ ಯಂತ್ರದಿಂದ. ಚಾವಣಿ ಹಾಕಿ, ಸುತ್ತ ಮಣ್ಣು ತುಂಬಿಯಾಯಿತು, ಮೇಲಿನ ಮನೆ ಇನ್ನೂ ಶುರುವಾಗಿರಲಿಲ್ಲ. ಆಮೇಲೆ ಜಡಿಮಳೆ ಹಿಡಿಯಿತು. ಒಳಗೆ ಒಂದು ಹನಿ ಇರಲಿಲ್ಲ. ಹೊರಗೆ ಪಂಪು ಮಾತ್ರ ಗುರುಗುಟ್ಟುತ್ತಲೇ ಇತ್ತು. ಮಾವನಿಗೆ ಅದು ತಮ್ಮನ್ನೇ ಆಡಿಕೊಂಡಂತೆ ಕೇಳಿಸಿರಬೇಕು. ಹಾಳೆ ಸುತ್ತಿಯಾದ ಮೇಲೂ ಪಂಪು ಓಡಿಸಿದರೆ ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಎಂದೇ ಅರ್ಥ ಎಂದು ಗೊಣಗಿ, ಒಂದು ಸಂಜೆ ನಿಲ್ಲಿಸಿಬಿಟ್ಟರು.

ಬೆಳಿಗ್ಗೆ ಮೇಸ್ತ್ರಿ ಫೋನ್ ಮಾಡಿ ಕೋಣೆ ಎದ್ದಿದೆ ಎಂದರು. ನಮಗೆ ತಲೆಬುಡ ತಿಳಿಯಲಿಲ್ಲ. ಹೋಗಿ ನೋಡಿದೆವು. ನೆಲಕ್ಕೆ ಸಮವಾಗಿದ್ದ ಚಾವಣಿಯ ಒಂದು ಮೂಲೆ ನನ್ನ ಸೊಂಟದೆತ್ತರಕ್ಕೆ ಬಂದಿತ್ತು. ಸುತ್ತಲಿನ ಮಣ್ಣು ಸೀಳಿತ್ತು, ಸೀಳಿನಲ್ಲಿ ಕೆಸರು ನೀರು ಗುಳುಗುಳು ಎನ್ನುತ್ತಿತ್ತು.

ಮಾವ ವಾಲಿದ ಮೆಟ್ಟಿಲನ್ನು ಹಿಡಿದುಕೊಂಡು ಒಳಗಿಳಿದರು. ಬೇಡವೆಂದರೂ ಕೇಳದೆ ಅಮ್ಮನೂ ಇಳಿದಳು, ಹಿಂದೆ ನಾನು. ಯಂತ್ರ ಓರೆಯಾಗಿ ಗೋಡೆಗೆ ಆತುಕೊಂಡಿತ್ತು. ಮಾವ ಅಂಗೈಯನ್ನು ಗೋಡೆಗೆ ಒತ್ತಿ, ಅಳುವ ದನಿಯಲ್ಲಿ, "ಒಣಗೇ ಇದೆ ಅಕ್ಕಾ," ಎಂದರು. ಆಗ ನನಗೆ ಹೊಳೆಯಿತು. ಸೋರಿದ್ದರೆ ಒಳಗೆ ನೀರು ತುಂಬಿ ಕೋಣೆ ತನ್ನ ಜಾಗದಲ್ಲೇ ಕೂತಿರುತ್ತಿತ್ತು. ಸೋರಲಿಲ್ಲ, ಅದಕ್ಕೇ ತೇಲಿತು. ಬಕೆಟ್ಟಿನ ನೀರಿಗೆ ಖಾಲಿ ಡಬ್ಬಿ ಒತ್ತಿ ಕೈಬಿಟ್ಟರೆ ಏಳುತ್ತದಲ್ಲ, ಹಾಗೆ. ಮಾವ ಜೀವಮಾನವಿಡೀ ರಿಪೇರಿ ಮಾಡಿದ ನೆಲಮಾಳಿಗೆಗಳ ಮೇಲೆಲ್ಲ ಇಡೀ ಮನೆಯೇ ಕೂತಿರುತ್ತಿತ್ತು. ಮೇಲೆ ಭಾರವಿಲ್ಲದ ನೆಲಮಾಳಿಗೆಗೆ ಅವರು ಕೈಹಾಕಿದ್ದು ಇದೇ ಮೊದಲು.

ಎಂಜಿನಿಯರಮ್ಮ ಫೋನಿನಲ್ಲೇ ಅವಸರಿಸಿದರು. ತಕ್ಷಣ ಪಂಪು ಹಚ್ಚಿ, ಅದರ ಪೈಪನ್ನು ಕೋಣೆಯೊಳಕ್ಕೆ ಬಿಡಬೇಕು. ಹೊರಗಿನ ನೀರು ಇಳಿಯುತ್ತದೆ, ಒಳಗೆ ಭಾರ ಕೂರುತ್ತದೆ. ತಡವಾದರೆ ಕೋಣೆ ಇನ್ನಷ್ಟು ವಾಲಿ ಬಿರಿಯುತ್ತದೆ, ಮನೆ ಕಟ್ಟುವ ಆಸೆ ಬಿಡಬೇಕಾಗುತ್ತದೆ. ಯಂತ್ರದ ಗತಿ ಏನೆಂದು ಅಮ್ಮ ಕೇಳಿದಳು. ಮೊದಲು ಪೈಪು ಇಳಿಸಿ ಎಂದಷ್ಟೇ ಎಂಜಿನಿಯರಮ್ಮ ಮತ್ತೆ ಹೇಳಿದರು.

ಮೇಸ್ತ್ರಿ ಪೈಪನ್ನು ಕೆಳಗಿಳಿಸಿದರು. ಮಾವ ಅದನ್ನು ಹಿಡಿದುಕೊಂಡರು, ನೆಲಕ್ಕಿಡಲಿಲ್ಲ. ಈ ಕೋಣೆಗೆ ನೀರು ಬಿಡಲು ನನ್ನ ಕೈಲಾಗದು ಎಂದು ತಲೆಯಾಡಿಸಿದರು. ಅಮ್ಮ ಯಂತ್ರದ ಬ್ಲೇಡಿನ ಹಿಡಿಯನ್ನು ಒಮ್ಮೆ ಸವರಿ, ತಮ್ಮನ ಹತ್ತಿರ ಬಂದಳು.

"ನೀನು ಮಾಡಿದ್ದು ಸೋರ್ಲಿಲ್ಲ ಕಣೋ. ಕಣ್ಣಾರೆ ನೋಡಿದೀನಿ," ಎಂದಳು. "ಈಗ ನೀರು ಬಿಡು."

ಮಾವ ಪೈಪನ್ನು ನೆಲಕ್ಕಿಟ್ಟು, ಮೇಲೆ ನಿಂತಿದ್ದ ಮೇಸ್ತ್ರಿಗೆ ಕೈಸನ್ನೆ ಮಾಡಿದರು. ಪಂಪು ಗುರುಗುಟ್ಟಿತು. ಕೆಂಪು ನೀರು ಯಂತ್ರದ ಕಾಲು ಮುಚ್ಚಿ, ಮೋಟಾರನ್ನು ಮುಳುಗಿಸಿತು. ನಾವು ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿದೆವು. ಸಂಜೆಯ ಹೊತ್ತಿಗೆ ಕೋಣೆ ನರಳುತ್ತಾ ಕೆಳಗೆ ಕೂತಿತು. ತುಂಬಿದ ನೀರು ಒಳಗೇ ನಿಂತಿತು. ಒಂದು ಹನಿಯೂ ಹೊರಗೆ ಹೋಗಲಿಲ್ಲ.