ಮುತ್ಯಾನ ಕೆಂಪು ಬಸ್ತಾ

ಜಾಲಿ ಕಟ್ಟಿಗೆ ಉರಿಯುವಾಗ ಅದರ ಅಂಟು ಚಿಟಪಟ ಸಿಡಿದು ಒಂದು ಕಮಟು ವಾಸನೆ ಏಳುತ್ತದೆ. ನನ್ನ ಕೈಕೆಳಗೆ ಗಾರೆ ಕೆಲಸ ಮಾಡುವ ಗೌಂಡಿಗಳು ಚಹಾಕ್ಕೆ ಒಲೆ ಹೂಡಿದಾಗಲೆಲ್ಲ ನಾನು ಎದ್ದು ದೂರ ಹೋಗಿ ನಿಲ್ಲುತ್ತೇನೆ. ಹೊಗೆಗೆ ಹೆದರುವ ಎದೆಯಲ್ಲ ಇದು, ನಲವತ್ತು ವರ್ಷ ಸುಣ್ಣದ ಧೂಳು ಕುಡಿದದ್ದು. ಆ ವಾಸನೆಯಲ್ಲಿ ನಮ್ಮ ಮುತ್ಯಾ ಇದ್ದಾನೆ, ನನ್ನ ಅಪ್ಪನ ಅಪ್ಪ. ದೀಪದ ಕಾಡಿಗೆಗೆ ಜಾಲಿ ಅಂಟು ಕಲಸಿ, ಅರೆದರೆದು ಅವನೇ ಮಸಿ ಮಾಡುತ್ತಿದ್ದ. ಬೆರಳ ಸಂದಿಯ ಕಪ್ಪು ಜಳಕ ಮಾಡಿದರೂ ಹೋಗುತ್ತಿರಲಿಲ್ಲ.

ನೆಲೋಗಿಯಿಂದ ಒಂದು ಹರದಾರಿ ಆಚೆ ನಮ್ಮೂರು. ಆಗ ನಿಜಾಮನ ಆಳ್ವಿಕೆ. ಮನೆಯಲ್ಲಿ ಅಳುವುದು ಕನ್ನಡದಲ್ಲಿ, ಕಚೇರಿಗೆ ಅದು ಮುಟ್ಟಬೇಕಾದರೆ ಉರ್ದುವಿನಲ್ಲಿ. ಹೊಲದ ತಕರಾರು, ಬಾವಿಯ ಜಗಳ, ಜೇಲಿಗೆ ಬಿದ್ದ ಮಗ, ಯಾವ ಸಂಕಟ ಹೊತ್ತು ಬಂದರೂ ಮುತ್ಯಾ ಅವರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು, ಅವರ ಕನ್ನಡ ಕೇಳಿ ಉರ್ದುವಿನಲ್ಲಿ ಅರ್ಜಿ ಬರೆದು, ಮತ್ತೆ ಕನ್ನಡದಲ್ಲಿ ಓದಿ ಹೇಳುತ್ತಿದ್ದ. “ಹೆಬ್ಬಟ್ಟು ಒತ್ತೂ ಮೊದ್ಲ ಕೇಳ್ರಿ, ನೀವು ಹೇಳಿದ್ದ ಅದನೋ ಇಲ್ಲೋ.” “ನೀವು ಓದಿದ್ರ ಮುಗೀತ್ರಿ ಮುತ್ಯಾ” ಅನ್ನುತ್ತಿದ್ದರು ಅವರು. ಪ್ರತಿ ಅರ್ಜಿಗೂ ಒಂದು ನಕಲು ತೆಗೆದು ಕೆಂಪು ಬಟ್ಟೆಯ ಬಸ್ತಾದಲ್ಲಿ ಕಟ್ಟಿಡುತ್ತಿದ್ದ. ಯಾರಾದರೂ ಹಸಿಗಡಲೆಯ ಕಟ್ಟು ತಂದಿಟ್ಟರೆ ಅದೂ ನನ್ನ ಉಡಿಗೇ. ಪಕ್ಕದ ಮನೆಯ ಶರಣಪ್ಪನ ಅವ್ವ ಗಂಡ ಸತ್ತು ಹೊಲ ಕಳೆದುಕೊಂಡಾಗ, ಅವಳ ಅರ್ಜಿ ಹಿಡಿದು ಕಲಬುರ್ಗಿಗೆ ಮೂರು ಸಲ ನಡೆದು ಹೋಗಿದ್ದ. ಹೊಲ ತಿರುಗಿ ಬಂತು. ಶರಣಪ್ಪ ಆ ಹೊಲದ ಜೋಳ ತಿಂದು ಬೆಳೆದ. ನಿಮ್ಮ ಮನೆಯಲ್ಲೂ ಇಂಥ ಹಿರಿಯನೊಬ್ಬ ಇದ್ದಿರಬಹುದು. ಅವನಿಗೆ ಊರು ಏನು ಕೊಟ್ಟಿತೆಂದು ನಿಮಗೂ ಗೊತ್ತಿರಬಹುದು.

ವರ್ಷವಿಡೀ ನಿಜಾಮನ ಕಡೆಯ ರಜಾಕಾರರ ದಂಡಿನ ಭಯಕ್ಕೆ ಬಾಗಿಲು ಹಾಕಿಕೊಂಡು ಕುಳಿತಿದ್ದ ಊರಿಗೆ, ನಲವತ್ತೆಂಟರಲ್ಲಿ ಪೊಲೀಸ್ ಆಕ್ಷನ್ ಮುಗಿದು ನಿಜಾಮನ ಆಳ್ವಿಕೆ ಹೋದ ಮೇಲೆ ಒಮ್ಮೆಲೇ ಧೈರ್ಯ ಬಂತು. ಉರ್ದು ಅಕ್ಷರ ಕಂಡರೆ ಸಾಕು, ರಜಾಕಾರರಿಗೆ ಬರೆದ ಚಾಡಿಯೆಂದು ಸುಡತೊಡಗಿದರು. ಒಂದು ಮುಂಜಾನೆ ಶರಣಪ್ಪ ಐದಾರು ಜನರನ್ನು ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಬಂದ.

“ಬಸ್ತಾ ತಾ, ಮುದುಕಾ.” ಅಂದು ಅವನ ಬಾಯಲ್ಲಿ ‘ರಿ’ ಇರಲಿಲ್ಲ.

“ಇದರಾಗ ನಿಮ್ಮವೇ ಅರ್ಜಿ ಅವ ತಮ್ಮಾ. ಓದ್ತೇನಿ ಕೇಳು, ಆಮ್ಯಾಲ ಸುಡು. ಇದು ನೋಡು, ನಿಮ್ಮವ್ವಂದು...”

“ಓದೋದು ನಿನ್ನ ಬಾಯಿ. ಹಾಳ್ಯಾಗ ಏನದ ಅಂತ ನಮಗೇನ್ ಗೊತ್ತು?”

ಹಿಂದಿನಿಂದ ಒಬ್ಬ, “ಈ ಹುಡುಗ ಉರ್ದು ಸಾಲಿಗಿ ಹೋಗ್ತದಲ್ಲ, ಅದು ಓದ್ಲಿ. ಹುಡುಗ್ರು ಸುಳ್ಳ ಹೇಳಂಗಿಲ್ಲ” ಅಂದ.

ಆ ಸಾಲಿಯಲ್ಲಿ ನಾನು ನಾಲ್ಕನೆಯ ಇಯತ್ತೆ. ಹಾಳೆ ನನ್ನ ಕೈಗೆ ಬಂತು. ಮೊದಲ ಸಾಲಿನಲ್ಲೇ ಶರಣಪ್ಪನ ಅವ್ವನ ಹೆಸರು, ಮುತ್ಯಾನ ದುಂಡನೆಯ ಅಕ್ಷರದಲ್ಲಿ. ನನಗೆ ಓದಲು ಬರುತ್ತಿತ್ತು. ಆದರೆ ಓದಿದರೆ ನಾನೂ ಆ ಅಕ್ಷರದವನೇ ಆಗುತ್ತೇನೆಂದು ಹೆದರಿ ಹಾಳೆ ತಿರುಗಿ ಕೊಟ್ಟೆ. “ನನಗ ಬರಂಗಿಲ್ರಿ” ಅಂದೆ.

ಮುತ್ಯಾ ನನ್ನ ಮುಖ ನೋಡಿದ. ಆ ಅಕ್ಷರಗಳನ್ನು ಕೈ ಹಿಡಿದು ತಿದ್ದಿಸಿದವನು ಅವನೇ. “ಹೌದು, ಅವಗ ಬರಂಗಿಲ್ಲ. ಬಿಡ್ರಿ ಕೂಸಿಗೆ” ಅಂದ. ಅವನು ಸುಳ್ಳಾಡಿದ್ದನ್ನು ನಾನು ಕೇಳಿದ್ದು ಅದೊಂದೇ. ಅಂದು ಅವರು ನಂಬಿದ್ದೂ ಅದೊಂದೇ. ಅಂಗಳದಲ್ಲಿ ಅಷ್ಟು ವರ್ಷಗಳ ಮಸಿ ಜಾಲಿ ಅಂಟಿನ ವಾಸನೆ ಬಿಡುತ್ತ ಉರಿಯಿತು.

ಆಮೇಲೆ ಮುತ್ಯಾ ಬರೆಯುವ ಲೆಕ್ಕಣಿಕೆ ಮುಟ್ಟಲಿಲ್ಲ. ನನ್ನನ್ನು ಮೊದಲಿನಂತೆಯೇ ಊಟಕ್ಕೆ ಪಕ್ಕದಲ್ಲಿ ಕೂಡಿಸಿಕೊಂಡ. ಬೈದಿದ್ದರೆ ತಾಳಬಹುದಿತ್ತು. ನಾನು ಸಾಲಿ ಬಿಟ್ಟೆ. ಬಡತನಕ್ಕೆ ಬಿಟ್ಟನೆಂದು ಮಂದಿ ತಿಳಿದರು, ತಿಳಿಯಲಿ ಎಂದುಕೊಂಡೆ.

ಮರುಬೇಸಿಗೆಯಲ್ಲಿ ಅವನು ತೀರಿಹೋದ. ಮಣ್ಣಿಗೆ ಊರಿಗೆ ಊರೇ ಬಂದಿತ್ತು. ಶರಣಪ್ಪ ಹೆಗಲು ಕೊಟ್ಟ. ತಿರುಗಿ ಬರುವಾಗ ಬಾವಿಯ ಹತ್ತಿರ ನನ್ನನ್ನು ತಡೆದು, “ತಮ್ಮಾ, ದಾಯಾದ್ರು ಮತ್ತ ಹೊಲದ ತಕರಾರು ತಗದಾರ. ನಮ್ಮವ್ವನ ಅರ್ಜಿ ನಕಲ ಮುತ್ಯಾರ ಹತ್ರ ಇತ್ತಲ್ಲ?” ಅಂದ.

“ಸುಟ್ಟೀರಲ್ರಿ.”

ಅವನು ಬಾವಿಯ ಹಗ್ಗ ಕೈಗೆತ್ತಿಕೊಂಡ. “ಅವತ್ತು ಯಾರರ ಒಬ್ರು ಓದಿ ಹೇಳಿದ್ರ ಸುಡ್ತಿದ್ದಿಲ್ಲಪಾ.”

ಬಾಯಿಗೆ ಬಂದ ಬೈಗುಳ ನನ್ನ ಕಡೆಗೇ ತಿರುಗಿತು. ಶರಣಪ್ಪ ನೀರು ಸೇದಿ ಕೊಡ ಬಗ್ಗಿಸಿದ. ಮುತ್ಯಾನ ಮೇಲೆ ಹಾಕುವಾಗ ಕೈಗಂಟಿದ ಮಣ್ಣನ್ನು ಇಬ್ಬರೂ ಅದೇ ನೀರಿನಲ್ಲಿ ತೊಳೆದುಕೊಂಡೆವು.