ಜಯಲತಕ್ಕನಿಗೆ ಹೇಳುವ ರಸ್ತೆ

"ಅಮ್ಮಾ, ಎದುರಿಗೆ ಯಾರೂ ಇಲ್ಲ, ಕೋಯೀ ನಹೀ, ಆದ್ರೂ ಗುಣಪಾಲ ಅಜ್ಜ ಬೆಲ್ ಯಾಕೆ ಹೊಡೀತಾರೆ?"

ದಿಶಾ ಇದನ್ನು ಕೇಳಿದ್ದು ಜನವರಿಯಲ್ಲಿ, ಹಲ್ಲುಜ್ಜುತ್ತ. ಹಿಂದಿನ ದಿನ ಗುಣಪಾಲ ಮಾಮ ಅವಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಗಲ್ಲಿಯ ತುದಿಯವರೆಗೆ ಒಂದು ಸುತ್ತು ಹೋಗಿ ಬಂದಿದ್ದರು. "ಅಜ್ಜನಿಗೆ ಬೆಲ್ ಅಂದ್ರೆ ಇಷ್ಟ ಇರಬೇಕು, ಬಾಯಿ ತೊಳಿ" ಅಂದುಬಿಟ್ಟೆ. ಶಾಲೆ ಬಸ್ಸಿಗೆ ಹತ್ತೇ ನಿಮಿಷ ಇತ್ತು. ಆರು ವರ್ಷದ ಮಗುವಿಗೆ ಕಂಡದ್ದು ನನಗೆ ಕಾಣಲು ಮಾರ್ಚ್ ಬರಬೇಕಾಯಿತು.

ಗುಣಪಾಲ ಮಾಮ ನಮ್ಮ ಹಿಂದಿನ ಗಲ್ಲಿಯವರು. ಊರು ಮೂಲ್ಕಿ ಹತ್ತಿರ. ಹದಿನಾರನೇ ವಯಸ್ಸಿಗೆ ಮುಂಬಯಿ ಪಕ್ಕದ ಈ ಡೊಂಬಿವಲಿಗೆ ಬಂದು, ಸ್ಟೇಷನ್ ಎದುರಿನ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಹತ್ತು ವರ್ಷ ನಿಂತು, ಆಮೇಲೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಂಪೆನಿಯಲ್ಲಿ ಕ್ಯಾಂಟೀನ್ ನೋಡಿಕೊಂಡವರು. ಈಗ ಅರವತ್ಮೂರು. ಆರು ದಿನ ಕೆಮಿಕಲ್ ವಾಸನೆ ಕುಡಿದವನಿಗೆ ಏಳನೇ ದಿನವಾದರೂ ಬೇರೆ ಗಾಳಿ ಬೇಕು ಅಂತ ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಸೈಕಲ್ ಹತ್ತುತ್ತಿದ್ದರು. ಕಟಾಯಿ ನಾಕಾದ ಕೂಡುರಸ್ತೆಯವರೆಗೆ ಡಂಪರ್ ಲಾರಿಗಳ ಧೂಳು. ಖೋಣಿ ದಾಟಿ ನೇವಾಳಿಯಲ್ಲಿ ಬಲಕ್ಕೆ ತಿರುಗಿದರೆ ಆ ಗದ್ದಲ ಹಿಂದೆಯೇ ನಿಂತುಬಿಡುತ್ತದೆ. ಆಮೇಲೆ ಭತ್ತದ ಗದ್ದೆ, ಎಮ್ಮೆ ಮೀಯುವ ಕೆರೆ, ಮಾವಿನ ತೋಪು, ಕೊನೆಗೆ ಎದುರಿಗೇ ಎದ್ದು ನಿಲ್ಲುವ ಮಲಂಗಗಡದ ಬೆಟ್ಟ. ಬುಡದಲ್ಲಿ ಒಂದು ಚಹಾ ಕುಡಿದು ವಾಪಸ್.

ಮದುವೆಯಾದ ಹೊಸತರಲ್ಲಿ ಅವರ ಹೆಂಡತಿ ಜಯಲತಕ್ಕನೂ ಇದೇ ಕ್ಯಾರಿಯರ್ ಮೇಲೆ ಕೂತು ಹೋಗುತ್ತಿದ್ದರಂತೆ. ಹಾಗಾಗಿ ಅವರಿಗೆ ಆ ದಾರಿಯ ಒಂದೊಂದು ತಿರುವೂ ಗೊತ್ತು. ಏಳು ವರ್ಷದ ಹಿಂದೆ ಬೆಳಗಿನ ಲೋಕಲ್ ಹತ್ತುವಾಗ ಜನರ ನೂಕಾಟದಲ್ಲಿ ಪ್ಲಾಟ್‌ಫಾರ್ಮಿಗೆ ಬಿದ್ದರು, ಬೆನ್ನುಹುರಿಗೆ ಪೆಟ್ಟಾಯಿತು. ಅಲ್ಲಿಂದ ಕಾಲಿಲ್ಲ. ಅವರ ಮನೆ ಮೂರನೇ ಮಾಳಿಗೆ, ಹಳೇ ಬಿಲ್ಡಿಂಗು, ಲಿಫ್ಟ್ ಇಲ್ಲ. ಆಸ್ಪತ್ರೆಗೆ ಹೋಗುವಾಗ ನಾಲ್ಕು ಜನ ಕುರ್ಚಿಸಮೇತ ಹೊತ್ತು ಇಳಿಸಬೇಕು. ಗಣಪತಿ ಹಬ್ಬಕ್ಕಾದರೂ ಕೆಳಗೆ ಬನ್ನಿ ಅಂದರೆ, "ನಾನೆಂತ ಕಪಾಟಾ ಮಾರಾಯ್ತಿ, ಹೊತ್ತು ಇಳಿಸ್ಲಿಕ್ಕೆ?" ಅನ್ನುತ್ತಾರೆ. ಮಕ್ಕಳಿಲ್ಲ.

ಅವರಿಗೆ ಹೊರಗಿನ ಲೋಕ ಬರುವುದು ಭಾನುವಾರ ಒಂಬತ್ತೂವರೆಗೆ. ಮಾಮ ಬೆವರು ಒರೆಸಿಕೊಂಡು ಮಂಚದ ಪಕ್ಕ ಕೂತು ರಸ್ತೆ ಹೇಳಬೇಕು. ಸುಮ್ಮನೆ "ಚಂದ ಇತ್ತು" ಅಂದರೆ ಸಾಲದು. ಜಯಲತಕ್ಕ ಪರೀಕ್ಷೆ ತೆಗೆದುಕೊಳ್ಳುವವರ ಹಾಗೆ ಕೇಳುತ್ತಾರೆ: ಕೆರೆಯಲ್ಲಿ ನೀರು ಎಷ್ಟುಂಟು? ನಾಟಿ ಮುಗಿಯಿತಾ? ಬಾವಿ ಹತ್ತಿರದ ಮುತ್ತುಗ ಮೊಗ್ಗು ಬಿಟ್ಟಿತಾ? ಆ ಮುತ್ತುಗದ ಮರ ಅವರದೇ ಅನ್ನುವ ಹಾಗೆ. ಮೊದಲ ಸಲ ಹೋದಾಗ ಸೈಕಲ್ ಪಂಕ್ಚರ್ ಆಗಿ ಇಬ್ಬರೂ ಎರಡು ತಾಸು ಅದರ ನೆರಳಲ್ಲಿ ಕೂತಿದ್ದರಂತೆ.

ಇದೆಲ್ಲ ನನಗೆ ಗೊತ್ತಿರುವುದು ಗುರುವಾರಗಳಿಂದ. ಹಳ್ಳಿ ಶಾಲೆಗಳಿಗೆ ಕಥೆ ಪುಸ್ತಕ ಒಯ್ಯುವ ಒಂದು ಸಂಸ್ಥೆಯಲ್ಲಿ ನನಗೆ ಅರ್ಧ ದಿನದ ಕೆಲಸ. ಗುರುವಾರ ಸ್ಕೂಟಿಯಲ್ಲಿ ಅದೇ ನೇವಾಳಿ ರಸ್ತೆಗೆ ಹೋಗುತ್ತೇನೆ. ದಿಶಾ ಶಾಲೆ ಬಿಟ್ಟ ಮೇಲೆ ಜಯಲತಕ್ಕನ ಮಂಚದ ಮೇಲೆ ಕೂತು ಕನ್ನಡ ಅಕ್ಷರ ತಿದ್ದುತ್ತಾಳೆ; ಸಂಜೆ ಅವಳನ್ನು ಕರೆಯಲು ಹೋದಾಗ ಅಕ್ಕ ಇದೆಲ್ಲ ಹೇಳುತ್ತಾರೆ.

ಮಾರ್ಚ್ ಮೊದಲ ಗುರುವಾರ ಹೋದಾಗ ಬಾವಿಯ ಹತ್ತಿರ ರಸ್ತೆ ಅಗಲ ಮಾಡುತ್ತಿದ್ದರು. ಜೆಸಿಬಿ ನಿಂತಿತ್ತು. ಮುತ್ತುಗದ ಮರ ಇರಲಿಲ್ಲ. ಬುಡ ಮಾತ್ರ ಇತ್ತು, ಹಸಿಯಾಗಿ, ಅದರ ಸುತ್ತ ತುಳಿದುಹೋದ ಕೆಂಪು ಹೂ. ಸಂಜೆ ದಿಶಾಳನ್ನು ಕರೆಯಲು ಹೋದವಳಿಗೆ ಹೇಳಲು ಬಾಯಿ ಬರಲಿಲ್ಲ. ಭಾನುವಾರ ಮಾಮ ನೋಡುತ್ತಾರಲ್ಲ, ಗಂಡನ ಬಾಯಿಂದಲೇ ಕೇಳಲಿ ಅಂದುಕೊಂಡೆ.

ಮುಂದಿನ ಗುರುವಾರ ಹೋದರೆ ಜಯಲತಕ್ಕ ಬಹಳ ಖುಷಿಯಲ್ಲಿದ್ದರು.

"ಈ ವರ್ಷ ಮುತ್ತುಗ ಎಂತ ಹೂವಂತೆ ಗೊತ್ತುಂಟಾ! ಎಲೆ ಒಂದೂ ಕಾಣುದಿಲ್ಲವಂತೆ. ಬಾವಿ ನೀರೆಲ್ಲ ಕೆಂಪು ಅಂತ ಹೇಳಿದ್ರು." ಆಮೇಲೆ ಅಡುಗೆಮನೆ ಕಡೆ ನೋಡಿ ನಕ್ಕರು. "ಮುದುಕನಿಗೆ ಮನೆಯಲ್ಲಿ ಬಾಗಿಲು ಕಾಣುದಿಲ್ಲ, ದಿನಾ ಮೊಣಕಾಲು ಹೊಡೆದುಕೊಳ್ತದೆ. ಹೂ ಮಾತ್ರ ಕಾಣ್ತದೆ."

ಬೆಲ್, ಬಾಗಿಲು, ಇಲ್ಲದ ಮರ, ಎಲ್ಲ ಒಟ್ಟಿಗೇ ಅರ್ಥವಾಯಿತು. ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಮಗಳನ್ನು ಆ ಕ್ಯಾರಿಯರ್ ಮೇಲೆ ಕೂರಿಸಿದ್ದರಲ್ಲ ಅಂತ.

ಮಾಮ ಹಾಲು ತರಲು ಇಳಿದದ್ದು ನೋಡಿ ನಾನೂ ದಿಶಾಳನ್ನು ಮೇಲೆಯೇ ಬಿಟ್ಟು ಇಳಿದೆ. ಮೆಟ್ಟಿಲ ಕೆಳಗೆ, ಸೈಕಲ್ ನಿಲ್ಲಿಸುವಲ್ಲಿ ಸಿಕ್ಕರು.

"ಮಾಮ, ಆ ಮರ ಕಡಿದುಹಾಕಿದ್ದಾರೆ."

ಅವರು ಹ್ಯಾಂಡಲ್ ಹಿಡಿದುಕೊಂಡರು. "ಯಾವಾಗ?"

"ಎಂಟು ದಿನವಾಯಿತು. ಭಾನುವಾರಕ್ಕೆ ಮೊದಲೇ."

ಮೆಟ್ಟಿಲ ಮೇಲಕ್ಕೆ ಮುಖ ಎತ್ತಿದರು. ಆಮೇಲೆ, "ಅವಳಿಗೆ ಹೇಳಿದೆಯಾ?" ಅಂತ ಕೇಳಿದರು. ಇಲ್ಲ ಅಂದೆ. ಉಸಿರು ಬಿಟ್ಟು ಮೆಟ್ಟಿಲ ಮೇಲೆ ಕೂತರು.

ದೀಪಾವಳಿ ಸಮಯದಲ್ಲಿ ಡಾಕ್ಟರು ಕಾಚಬಿಂದು ಅಂದಿದ್ದರಂತೆ. ಕಣ್ಣಿನ ಒತ್ತಡ ಏರಿ ನರ ಒಣಗುವ ಕಾಯಿಲೆ. ಹೋದದ್ದು ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಡ್ರಾಪ್ಸ್.

"ಪೈಪಿನ ಒಳಗಿಂದ ನೋಡಿದ ಹಾಗೆ. ಮಧ್ಯ ಒಂದು ಕಿಂಡಿ ಉಂಟು, ಸುತ್ತ ಎಂತದೂ ಇಲ್ಲ. ರಸ್ತೆ ಅಂಚು ಒಂದೇ ನೋಡಿಕೊಂಡು ಹೋಗ್ತಿದ್ದೆ. ತಲೆ ತಿರುಗಿಸಿದರೆ ಅಂಚು ತಪ್ಪುತ್ತದೆ. ಗದ್ದೆ, ಕೆರೆ ಎಲ್ಲ ಹೋದ ವರ್ಷದ್ದೇ ಹೇಳಿದೆ. ದಾರಿ ಬಾಯಿಪಾಠ ಅಲ್ಲವಾ?"

"ದಿಶಾಳನ್ನು ಕೂರಿಸಿಕೊಂಡಿರಲ್ಲ ಮಾಮ." ನನ್ನ ಧ್ವನಿ ಗಟ್ಟಿಯಾಗಿಯೇ ಬಂತು.

"ತಪ್ಪಾಯಿತು." ಅಷ್ಟೇ ಅಂದರು. ಸಮಜಾಯಿಷಿ ಕೊಟ್ಟಿದ್ದರೆ ಇನ್ನಷ್ಟು ಬೈಯುತ್ತಿದ್ದೆ.

ಹೋದ ಭಾನುವಾರ ಅವರು ಮರದವರೆಗೆ ಹೋಗಿಯೇ ಇರಲಿಲ್ಲ. ಖೋಣಿ ದಾಟಿದ ಮೇಲೆ, ತಲೆಯ ಮೇಲೆ ನೀರು ಹೊತ್ತು ಬರುತ್ತಿದ್ದ ಒಬ್ಬಳಿಗೆ ಹ್ಯಾಂಡಲ್ ತಾಗಿತು. ಹಂಡೆ ಬಿತ್ತು. ಅವಳು ಬಸುರಿ. ಬೀಳಲಿಲ್ಲ, ಜೊತೆಯಲ್ಲಿದ್ದ ಇನ್ನೊಬ್ಬಳು ಹಿಡಿದುಕೊಂಡಳಂತೆ.

"ಡೋಳೆ ಫುಟಲೇ ಕಾ, ಕಣ್ಣು ಒಡೆದುಹೋಯಿತಾ ಅಂತ ಬೈದಳು. ಸರಿಯಾಗಿಯೇ ಕೇಳಿದಳು ಮಾರಾಯ್ತಿ." ನಗಲು ನೋಡಿದರು. "ಅಲ್ಲಿಂದ ಸೈಕಲ್ ತಳ್ಳಿಕೊಂಡು ಬಂದೆ. ಒಂಬತ್ತೂವರೆ ಆಗಲಿ ಅಂತ ನಾಕಾದಲ್ಲಿ ಕೂತೆ. ಇನ್ನು ಹತ್ತುದಿಲ್ಲ. ಆ ಹೆಂಗಸಿನ ಆಣೆಗೂ ಹತ್ತುದಿಲ್ಲ."

ಅಕ್ಕನಿಗೆ ಹೇಳಿಬಿಡಿ ಅಂದೆ. ಡ್ರಾಪ್ಸ್ ಹೊತ್ತಿಗೆ ಸರಿಯಾಗಿ ಹಾಕಬೇಕು, ಮನೆಯಲ್ಲಿ ದಾರಿಗೆ ಅಡ್ಡವಾಗಿರುವ ಸಾಮಾನು ಸರಿಸಬೇಕು, ಒಬ್ಬರೇ ಎಷ್ಟು ದಿನ ಅಂತ ಎಲ್ಲ ಹೇಳಿದೆ. ಮಾಮ ತಲೆ ಅಲ್ಲಾಡಿಸಿದರು.

"ಹೇಳಿದರೆ ಅವಳು ಅಳುದಿಲ್ಲ. ಸುಮ್ಮನಾಗ್ತಾಳೆ. ಬಿದ್ದ ವರ್ಷ ಎಂಟು ತಿಂಗಳು ಹಾಗೇ ಗೋಡೆ ನೋಡಿಕೊಂಡು ಮಲಗಿದ್ದಳು. ಊಟ ಬೇಕಾ ಅಂದರೂ ಮಾತಿಲ್ಲ. ಮೊದಲ ಸಲ ಬಾಯಿ ಬಿಟ್ಟದ್ದು ಒಂದು ಭಾನುವಾರ, ಕೆರೆಯಲ್ಲಿ ನೀರು ಉಂಟಾ ಅಂತ. ಅವಳ ಕಾಲು ಹೋಯಿತು, ನನ್ನ ಕಣ್ಣೂ ಹೋಯಿತು ಅಂತಾದರೆ ಆ ಮನೆಯಿಂದ ಹೊರಗೆ ಹೋಗುವವರು ಯಾರು, ನೀನೇ ಹೇಳು."

ಸುಳ್ಳು ಎಷ್ಟು ದಿನ ನಿಲ್ಲುತ್ತದೆ, ಒಂದು ದಿನ ಯಾರಾದರೂ ಆ ಮರದ ಸುದ್ದಿ ಎತ್ತಿಯೇ ಎತ್ತುತ್ತಾರೆ ಅಂತ ಗೊತ್ತು. ಅವರಿಗೂ ಗೊತ್ತು. ಮೇಲಿನಿಂದ ಜಯಲತಕ್ಕ ದಿಶಾಳಿಗೆ ಮಗ್ಗಿ ಹೇಳಿಕೊಡುವುದು ಕೇಳುತ್ತಿತ್ತು.

ಮಾಮ ಎದ್ದು, ಗೋಡೆ ಮುಟ್ಟಿಕೊಂಡು ನನ್ನ ಹತ್ತಿರ ಬಂದು, ಅವರ ಹೆಂಡತಿಗೆ ಕೇಳದ ಹಾಗೆ ದನಿ ತಗ್ಗಿಸಿದರು.

"ನಿಮ್ಮದು ಗ್ರೌಂಡ್ ಫ್ಲೋರ್ ಅಲ್ಲವಾ ಮಗಳೇ. ಭಾನುವಾರ ಆರರಿಂದ ಒಂಬತ್ತೂವರೆ ತನಕ ನಿಮ್ಮ ಮನೆಯಲ್ಲಿ ಒಂದು ಕುರ್ಚಿ ಹಾಕಿಕೊಡ್ತೀಯಾ? ಸೈಕಲ್ ತಳ್ಳಿಕೊಂಡೇ ಬರ್ತೇನೆ. ನೀನು ಗುರುವಾರ ಹೋದಾಗ ಕೆರೆ, ಗದ್ದೆ ಎಲ್ಲ ಸ್ವಲ್ಪ ಸರಿಯಾಗಿ ನೋಡಿಕೊಂಡು ಬಂದು ನನಗೆ ಹೇಳು. ನಾನು ಅವಳಿಗೆ ಹೇಳ್ತೇನೆ."